ಮಾವನ ಏಳನೇ ಷರತ್ತು

ಹೋದ ವರ್ಷ ದಸರಾ ಮುಗಿದ ಸೋಮವಾರ, ಹೊಸೂರಿನ ಅಂಚಿನ ಅವಲಪಲ್ಲಿಯಲ್ಲಿ ನನ್ನ ಸೋದರಮಾವ ತಾವು ಹುಟ್ಟಿದ ಮನೆಯನ್ನು ನಾಲ್ಕು ಭಾಗ ಮಾಡಲು ಮೇಸ್ತ್ರಿಯನ್ನು ಕರೆಸಿದರು. ಪಾಲು ಕೇಳಿದವರು ಯಾರೂ ಇರಲಿಲ್ಲ. ಜಗಳವೂ ಆಗಿರಲಿಲ್ಲ. ಜಗಳ ಶುರುವಾದದ್ದು ಆಮೇಲೆ!

ನಮ್ಮ ಮಾವನಷ್ಟು ವ್ಯವಹಾರಸ್ಥ ಇನ್ನೊಬ್ಬನಿಲ್ಲ ಎಂದು ಊರು ನಂಬಿದೆ. ಊರಿನವರು ಅವರ ಮನೆಗೆ ಬಾಡಿಗೆಗೆ ಹೋಗಿಲ್ಲ, ಅಷ್ಟೇ.

ಮನೆಯಲ್ಲಿ ಹನ್ನೊಂದು ಕೋಣೆ. ಮಗ, ಸೊಸೆ ಇಬ್ಬರೂ ಫ್ಯಾಕ್ಟರಿಗೆ ಹೋಗುವುದರಿಂದ ಗುಡಿಸುವ ಕೆಲಸ ಅತ್ತೆಯದು. "ಈ ತುದಿಯಿಂದ ಗುಡಿಸ್ಕಂಡು ಆ ತುದಿ ಮುಟ್ಟೋ ಹೊತ್ಗೆ ಈ ತುದೀಲಿ ಮತ್ತೆ ಧೂಳು! ನಾನು ಮನೆ ಗುಡಿಸ್ತಿದೀನೋ, ಹೈವೇ ಗುಡಿಸ್ತಿದೀನೋ?" ಎಂದು ಅವರು ಪೊರಕೆ ಕೆಳಗಿಟ್ಟ ದಿನ ತೀರ್ಮಾನವಾಯಿತು. ಒಂದು ಭಾಗ ತಮಗೆ, ಮೂರು ಬಾಡಿಗೆಗೆ. ಪ್ರತಿಯೊಂದಕ್ಕೂ ಬೇರೆ ಅಡುಗೆಮನೆ, ಬೇರೆ ಬಚ್ಚಲು, ಬೇರೆ ಮೀಟರ್.

ತೊಡಕಾದದ್ದು ಮಾವನ ಅಕ್ಕತಂಗಿಯರ ವಿಷಯದಲ್ಲಿ. ಸೂಳಗಿರಿಯ ದೊಡ್ಡಮ್ಮ, ನನ್ನ ಅಮ್ಮ, ಚಿಕ್ಕಮ್ಮ ಮೂವರೂ ಪ್ರತಿ ಗೌರಿ ಹಬ್ಬಕ್ಕೆ ಬಂದು, ಹುಡುಗಿಯರಾಗಿದ್ದಾಗಿನ ಅವರವರ ಕೋಣೆಯಲ್ಲೇ ಎರಡು ದಿನ ಇದ್ದು, ಮಾವನಿಂದ ಬಳೆ, ಸೀರೆ ಪಡೆದು ಹೋಗುವುದು ಪದ್ಧತಿ. ಗೋಡೆಯ ಸುದ್ದಿ ಕೇಳಿದ ದೊಡ್ಡಮ್ಮ ಫೋನಿನಲ್ಲೇ ತೀರ್ಪು ಕೊಟ್ಟರು: "ಗೋಡೆ ಎತ್ಬುಟ್ಟು ಬಾಡಿಗೆ ಬೋರ್ಡು ತಗಲಾಕಿದ್ಮ್ಯಾಕೆ ಅದು ತವರೇನ್ಲಾ? ಲಾಡ್ಜು! ನಾನು ಬರಾಕಿಲ್ಲ ಕಣ್ಲಾ."

ಮಾವ ಎರಡು ಹೊತ್ತು ಊಟ ಬಿಟ್ಟರು. ಅಕ್ಕ ಬರದ ಗೌರಿ ಹಬ್ಬವನ್ನು ಅವರು ಕಂಡವರೇ ಅಲ್ಲ. ಮೂರನೇ ಹೊತ್ತಿಗೆ ಹಸಿವಿನ ಜೊತೆ ಉಪಾಯವೂ ಬಂತು. ಅಕ್ಕತಂಗಿಯರ ಕೋಣೆಗಳನ್ನಾಗಲಿ, ಅವರ ಯಾವ ಕುರುಹನ್ನಾಗಲಿ ಮುಟ್ಟದೆ, ಒಂದೊಂದು ಬಾಡಿಗೆ ಭಾಗಕ್ಕೆ ಒಬ್ಬೊಬ್ಬರ ಕೋಣೆ ಬರುವಂತೆ ಗೋಡೆ ಕಟ್ಟಬೇಕು! ಪರಿಣಾಮವಾಗಿ ಅಮ್ಮನ ಕೋಣೆ ಇರುವ ಭಾಗದಲ್ಲಿ ಸ್ನಾನಕ್ಕೆ ಹೋಗುವವರು ಅಡುಗೆಮನೆ ಪ್ರದಕ್ಷಿಣೆ ಹಾಕಿ ಹೋಗಬೇಕು. ಚಿಕ್ಕಮ್ಮನ ಉಯ್ಯಾಲೆಯ ಕೊಂಡಿ ಗ್ಯಾಸ್ ಒಲೆಯ ನೆತ್ತಿಗೆ ಬಂದಿದೆ.

"ಸಾಮಿ, ಈ ಕೊಂಡಿ ತೆಗೀಲಾ?" ಎಂದ ಮೇಸ್ತ್ರಿ.

"ತೆಗೆದ್ರೆ ಅವಳು ಎಲ್ಲಿ ತೂಗ್ಕತಾಳೆ?"

"ಅವ್ರಿಗೆ ವಯಸ್ಸೆಷ್ಟು ಸಾಮಿ?"

"ಐವತ್ತೆಂಟು."

ಮೇಸ್ತ್ರಿ ಸಿಮೆಂಟು ಕಲಸಲು ಹೋದ.

ನಂತರ ಕರಾರು ಪತ್ರ. ಆರು ಷರತ್ತುಗಳು ಎಲ್ಲರ ಪತ್ರದಲ್ಲೂ ಇರುವಂಥವು. ಏಳನೆಯದು ಮಾವನದೇ: ಗೌರಿ ಹಬ್ಬಕ್ಕೆ ಮಾಲೀಕರ ಸೋದರಿ ಬಂದು ಎರಡು ದಿನ ಇರುವರು, ಬಾಡಿಗೆದಾರರು ನಗುಮುಖದಿಂದ ಕೋಣೆ ಬಿಟ್ಟುಕೊಡತಕ್ಕದ್ದು. 'ನಗುಮುಖ' ಬೇಕೇಬೇಕೇ ಎಂದು ಟೈಪು ಮಾಡುವಾತ ಎರಡು ಸಲ ಕೇಳಿ ಖಚಿತಪಡಿಸಿಕೊಂಡ.

ಮನೆ ನೋಡಲು ಬಂದವರೆಲ್ಲ ಆರನೇ ಷರತ್ತಿನವರೆಗೆ ತಲೆಯಾಡಿಸಿ, ಏಳನೆಯದಕ್ಕೆ ಚಪ್ಪಲಿ ಹುಡುಕುತ್ತಿದ್ದರು. ಬ್ರೋಕರ್ ಕೈಮುಗಿದ. "ಸಾರ್, ಸೆಲ್ಫ್ ಕಂಟೈನ್ಡ್ ಅಂದ್ರೆ ಅಡುಗೆಮನೆ, ಬಚ್ಚಲು ಒಳಗೇ ಇರ್ತವೆ ಅಂತ. ಓನರ್ ಅಕ್ಕನೂ ಒಳಗೇ ಇರ್ತಾರೆ ಅಂದ್ರೆ ಯಾರು ಬತ್ತಾರೆ ಸಾರ್?"

"ಅಕ್ಕ ಇಲ್ದಿರೋರು ಬತ್ತಾರೆ. ಕರ್ಕಂಬಾ ಹೋಗು."

ಬಂದಳು! ಹೆಸರು ಸೆಲ್ವಿ. ತಮಿಳುನಾಡಿನ ದಕ್ಷಿಣದ ತುದಿಯವಳು; ಗಂಡ, ಹೆಂಡತಿಗೆ ಒಂದೇ ಕಾರ್ಖಾನೆಯಲ್ಲಿ ಬೇರೆ ಬೇರೆ ಪಾಳಿ. ಏಳನೇ ಷರತ್ತನ್ನು ಬ್ರೋಕರ್‌ನಿಂದ ಎರಡು ಸಲ ತಮಿಳಿನಲ್ಲಿ ಹೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು: "ಅಕ್ಕಾವುಕ್ಕು ಕಾಪಿಯಾ, ಟೀಯಾ?" ಮಾವ ಅಲ್ಲೇ ದೊಡ್ಡಮ್ಮನ ಭಾಗದ ಬೀಗದ ಕೈ ಕೊಟ್ಟರು. ಮಿಕ್ಕೆರಡು ಭಾಗಗಳಿಗೂ ಹೇಗೋ ಧೈರ್ಯಸ್ಥರು ಸಿಕ್ಕಿದರು.

ಈ ವರ್ಷದ ಹಬ್ಬಕ್ಕೆ ಅಮ್ಮನೂ ಚಿಕ್ಕಮ್ಮನೂ ಹಿಂದಿನ ದಿನವೇ ಬಂದರು. ಅಮ್ಮನ ಭಾಗದಲ್ಲಿರುವ ಬ್ಯಾಂಕ್ ಗುಮಾಸ್ತ ಎರಡೂ ದಿನ ನಗುಮುಖದಿಂದಲೇ ಇದ್ದ. ದವಡೆ ನೋವಿಗೆ ಮಾತ್ರೆ ತೆಗೆದುಕೊಂಡದ್ದು ಆಮೇಲೆ ತಿಳಿಯಿತು.

ದೊಡ್ಡಮ್ಮ ಬರಲಿಲ್ಲ. ಮಾವ ಅದಾಗಲೇ ಮೂರು ಸಲ ಸೂಳಗಿರಿಗೆ ಹೋಗಿ ಕರೆದು, ಮೂರು ಸಲವೂ ಒಬ್ಬರೇ ವಾಪಸಾಗಿದ್ದರು. ಹಬ್ಬದ ಬೆಳಗ್ಗೆ ಮತ್ತೆ ಹೊರಟಾಗ, ಪಾಳಿಗೆ ರಜೆ ಹಾಕಿದ್ದ ಸೆಲ್ವಿ ಕಾರು ಹತ್ತಿ ಕುಳಿತಳು. ಓಡಿಸಿದವನು ನಾನು.

ದೊಡ್ಡಮ್ಮ ಅಂಗಳದಲ್ಲಿ ಟೊಮೆಟೊ ಆರಿಸುತ್ತಿದ್ದರು. ತಲೆ ಎತ್ತಲಿಲ್ಲ. "ಯಾರ್ಲಾ ಇವ್ಳು?"

"ನಿನ್ನ ರೂಮ್ನಾಗೆ ಇರೋಳು ಕಣಕ್ಕ."

ಸೆಲ್ವಿ ತಾನು ಕಲಿತಷ್ಟು ಕನ್ನಡದಲ್ಲಿ ಹೇಳಿದಳು: "ಅಕ್ಕಾ, ರೂಮ್ ಗುಡಿಸಿ ಇಟ್ಟಿದೀನಿ. ನಂಗೆ ಅಮ್ಮ ಇಲ್ಲ. ಹಬ್ಬಕ್ಕೆ ನನ್ ಮನೆಗೆ ಯಾರೂ ಬರೋದಿಲ್ಲ. ನೀವು ವಾಂಗ, ಬನ್ನಿ."

ದೊಡ್ಡಮ್ಮ ತಲೆ ಎತ್ತಿದರು. ಅವಳ ಮುಖ ನೋಡಿದರು, ಕೈ ನೋಡಿದರು. ಕಾರ್ಖಾನೆಯಲ್ಲಿ ಬಳೆ ತೊಡುವಂತಿಲ್ಲವಾದ್ದರಿಂದ ಕೈ ಬರಿದಾಗಿತ್ತು.

"ಹಬ್ಬದ ದಿನ ಹೆಣ್ಮಗಳ್ನ ಬರಿಗೈಯಾಗೆ ಕರ್ಕಂಡು ತಿರುಗ್ತಿದೀಯಲ್ಲಾ, ಬುದ್ಧಿ ಐತೇನ್ಲಾ ನಿಂಗೆ?" ಎಂದು ತಮ್ಮನನ್ನು ಬೈದು, ಒಳಗೆ ಹೋಗಿ, ಚೀಲ ಹಿಡಿದು ಬಂದರು.

ಅಂದು ಮಾವ ನಾಲ್ವರಿಗೆ ಬಳೆ ತೊಡಿಸಿದರು.

ಹಬ್ಬ ಮುಗಿದು ಹದಿನಾಲ್ಕು ದಿನವಾಗಿದೆ. ನಿನ್ನೆ ನಾನು ಫೋನ್ ಮಾಡಿದಾಗ ದೊಡ್ಡಮ್ಮ ಇನ್ನೂ ಅವಲಪಲ್ಲಿಯಲ್ಲೇ ಇದ್ದರು. ಸೆಲ್ವಿಯ ತಲೆಗೆ ಎಣ್ಣೆ ಒತ್ತುತ್ತಿದ್ದೇನೆ, ಕೈ ಜಿಡ್ಡಾಗಿದೆ ಎಂದು ಫೋನ್ ಇಟ್ಟರು.