ಬೆಲ್ಲದ ಕೈ ಮತ್ತು ಮುನ್ನೂರ ಹನ್ನೆರಡು

ಒಂಟಿಯಾಗಿರುವವನಿಗೆ ಬೆಳಿಗ್ಗೆ ಎದ್ದಕೂಡಲೇ ಯಾರಾದರೂ ಏನಾದರೂ ಅನ್ನಬೇಕು, ಬೈದರೂ ಸರಿ. ಹುಕ್ಕೇರಿಯ ನನ್ನ ಮನೆಯಲ್ಲಿ ಆ ಕೆಲಸ ಮಾಡುವುದು ಸಕ್ಕರೆ ನೋಡುವ ಯಂತ್ರ. ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಯ ತುದಿಗೆ ಹಚ್ಚಿದರೆ ಐದೆಣಿಸುವಷ್ಟರಲ್ಲಿ ಕುಂಯ್ ಎಂದು ಅಂಕಿ ತೋರಿಸುತ್ತದೆ. ಇಡೀ ದಿನದಲ್ಲಿ ನನ್ನ ಬಗ್ಗೆ ಯಾರಾದರೂ ಹೇಳುವ ಮಾತು ಅದೊಂದೇ ಆಗಿರುವುದೂ ಉಂಟು.

ಯಂತ್ರ ನನ್ನದಲ್ಲ, ನನ್ನ ಹೆಂಡತಿ ಶಾಂತವ್ವನದು. ಅವಳಿಗೆ ಸಕ್ಕರೆ ಕಾಯಿಲೆ ಬಂದಾಗ ಗೋಕಾಕಿಗೆ ಹೋಗಿ ಔಷಧ ಅಂಗಡಿಯಲ್ಲಿ ಈ ಯಂತ್ರವನ್ನೂ, ಬಾಜೂ ಮಿಠಾಯಿ ಅಂಗಡಿಯಲ್ಲಿ ಅರ್ಧ ಕಿಲೋ ಕರದಂಟನ್ನೂ ಕೊಂಡು ಒಂದೇ ಚೀಲದಲ್ಲಿ ಹಾಕಿಕೊಂಡು ಬಂದ ಜಾಣ ನಾನು. ಕರದಂಟು ನನಗೆ, ಸೂಜಿ ಅವಳಿಗೆ. ಮೂವತ್ತು ವರ್ಷ ಸಾಲಿ ಮಾಸ್ತರನಾಗಿ ಕಾಪಿ ಹೊಡೆಯುವ ಹುಡುಗರನ್ನು ಹಿಡಿದವನಿಗೆ ನಿವೃತ್ತಿಯಾದ ಮೇಲೆ ಹಿಡಿಯಲು ಸಿಕ್ಕವಳು ಅವಳೊಬ್ಬಳೇ.

ಒಂದು ದಿನ ಅವಳ ತಮ್ಮ ಮೂಡಲಗಿಯಿಂದ ಬಂದ. ತನ್ನ ಬಸುರಿ ಮಗಳ ಕುಬಸಕ್ಕೆ ಅಕ್ಕನನ್ನು ಕರೆದೊಯ್ಯಬೇಕಿತ್ತು. ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಡದೆ ಮಾತಾಡಿಸುವ ಪದ್ಧತಿ ನಮ್ಮಲ್ಲಿಲ್ಲ. ಅವಳು ಬೆಲ್ಲ ಮುರಿದು ಕೊಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಹೊರಡುವ ಮುಂಚೆ ಒಮ್ಮೆ ನೋಡಿಬಿಡೋಣವೆಂದು ಯಂತ್ರದ ಮುಂದೆ ಕೂತಳು. ಮುನ್ನೂರ ಹನ್ನೆರಡು!

“ಏನ್ ತಿಂದಿ?” ಎಂದೆ.

“ನಿಮ್ಮಾಣಿ, ಏನೂ ತಿಂದಿಲ್ರಿ.”

“ಮತ್ತ ಯಂತ್ರ ಸುಳ್ಳ ಹೇಳ್ತೈತೇನು? ಇಲ್ಲೇ ಹಿಂಗ ಅಂದ್ರ, ಅಲ್ಲಿ ಹೋಳಿಗಿ ಕಂಡ್ರ ಬಿಡ್ತಿ? ಎಲ್ಲೂ ಹೋಗೂದು ಬ್ಯಾಡ.”

ತಮ್ಮ ಒಬ್ಬನೇ ವಾಪಸ್ಸು ಹೋದ. ಉಡಲು ತೆಗೆದಿಟ್ಟ ಇಳಕಲ್ ಸೀರೆಯನ್ನು ಅವಳು ಮತ್ತೆ ಟ್ರಂಕಿಗೆ ಹಾಕಿದಳು. ಮುಂದಿನ ಮಳೆಗಾಲ ಅವಳು ನೋಡಲಿಲ್ಲ. “ನಾ ತಿಂದಿಲ್ಲ” ಎಂಬ ಮಾತನ್ನು ಮಾತ್ರ ಕೊನೆಯವರೆಗೂ ಬಿಡಲಿಲ್ಲ. ನಾನೂ ನಂಬಲಿಲ್ಲ.

ಈಗ ಅವಳ ಕಾಯಿಲೆಯೂ ಯಂತ್ರವೂ ನನ್ನ ಪಾಲಿಗೆ ಬಂದಿವೆ. ಬೆಲ್ಲದ ಡಬ್ಬಿ ಈಗಲೂ ತುಂಬಿಯೇ ಇರುತ್ತದೆ, ಬರುವವರೇ ಕಡಿಮೆ. ಹೋದ ವಾರ ಮನೆ ಮನೆಗೆ ಬಂದು ವಿಚಾರಿಸುವ ಆಶಾ ಕಾರ್ಯಕರ್ತೆ ಲಕ್ಕವ್ವ ಬಂದಳು. ಒಬ್ಬರಾದರೂ ಬಂದರಲ್ಲ ಎಂಬ ಖುಷಿಗೆ ದೊಡ್ಡ ತುಂಡನ್ನೇ ಮುರಿದು ಕೊಟ್ಟೆ. ಅವಳು ನೀರು ಕುಡಿದು, “ಎಲ್ಲಿ, ನನ್ ಮುಂದ ಒಮ್ಮಿ ನೋಡ್ಕೋರಿ” ಎಂದಳು. ನೋಡಿಕೊಂಡೆ. ಇನ್ನೂರ ತೊಂಬತ್ತೆಂಟು.

“ಏನ್ ತಿಂದ್ರಿ ಮಾಸ್ತರ?”

“ಏನೂ ತಿಂದಿಲ್ಲವಾ, ಖರೇನ!”

ಅವಳು ನನ್ನ ಬೆರಳು ನೋಡಿ ನಕ್ಕಳು. “ಅಯ್ಯ, ಬೆಲ್ಲ ಮುರದ ಕೈಲೇ ಚುಚ್ಚಿಕೊಂಡೀರಲ್ರಿ! ತೊಳದು, ಚಲೋತ್ನಾಗಿ ಒರಸ್ಕೊಂಡ್ ಬರ್ರಿ.”

ತೊಳೆದು ಬಂದು ಮತ್ತೆ ನೋಡಿದರೆ ನೂರ ನಲವತ್ತಾರು. ಪಟ್ಟಿಗೆ ಸವರಿದ ಔಷಧ ಸಕ್ಕರೆಯೊಂದಿಗೆ ಕೂಡಿದಾಗ ಕಣ್ಣಿಗೆ ಕಾಣದಷ್ಟು ಕರೆಂಟು ಹುಟ್ಟುತ್ತದಂತೆ, ಯಂತ್ರ ಅದನ್ನು ಅಳೆದು ಅಂಕಿ ಮಾಡುತ್ತದಂತೆ. ಸಕ್ಕರೆ ರಕ್ತದ್ದೋ ಬೆರಳಿನದೋ ಎಂದು ಅದು ವಿಚಾರಿಸುವುದಿಲ್ಲ. ವಿಚಾರಿಸಬೇಕಾದವನು ಎದುರಿಗೆ ಕೂತಿದ್ದ ಮಾಸ್ತರ.

ಲಕ್ಕವ್ವ ಹೋದ ಮೇಲೆ ಯಂತ್ರದ ಗುಂಡಿ ಒತ್ತುತ್ತಾ ಹಳೆಯ ಅಂಕಿಗಳ ಕಡೆಗೆ ಹೋದೆ. ನನ್ನವೆಲ್ಲ ಮುಗಿದು ಶಾಂತವ್ವನವು ಬಂದವು. ಮುನ್ನೂರ ಹನ್ನೆರಡು ಇನ್ನೂ ಅಲ್ಲೇ ಇತ್ತು. “ತಪ್ಪಾತು” ಎಂದೆ. ಯಂತ್ರ ಸ್ವಲ್ಪ ಹೊತ್ತು ನೋಡಿ, ತಾನಾಗಿಯೇ ಆರಿಹೋಯಿತು.

ಅದರ ನೆನಪಿನ ಪೆಟ್ಟಿಗೆ ಸಣ್ಣದು. ತುಂಬಿದ ಮೇಲೆ ಹೊಸದೊಂದು ಅಂಕಿ ಬಂದರೆ ಎಲ್ಲಕ್ಕಿಂತ ಹಳೆಯದೊಂದು ಹೋಗುತ್ತದೆ. ನಾನು ಚುಚ್ಚಿಕೊಂಡಷ್ಟೂ ಶಾಂತವ್ವ ಹೊರಗೆ ಹೋಗುತ್ತಾಳೆ. ಹಾಗಾಗಿ ಈ ವಾರ ನೋಡಿಕೊಂಡೇ ಇಲ್ಲ. ಇವತ್ತು ಲಕ್ಕವ್ವ ಬಾಗಿಲಲ್ಲೇ ನಿಂತು, “ದಿನಾ ನೋಡ್ಕೊಳ್ಳಾಕತ್ತೀರಿಲ್ಲ ಮಾಸ್ತರ?” ಎಂದು ಕೇಳಿದಳು.

“ಹೂಂನವಾ, ದಿನಾ ನೋಡ್ಕೊಳ್ಳಾಕತ್ತೇನಿ” ಎಂದೆ.

ಈ ಮನೆಯಲ್ಲಿ ಸುಳ್ಳು ಹೇಳುವವನನ್ನು ಹಿಡಿಯಲು ಇಷ್ಟು ವರ್ಷ ಹಿಡಿಯಿತು.