ಸಾಂಬಾರ್ ಬಟನ್

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಹೆಂಗಸಿಗೆ ಆಫೀಸಿನ ಮೇಲೆ ಇಷ್ಟೊಂದು ಮೋಹ ಇರಬಾರದು. ನನಗಿದೆ. ಸೋಮವಾರ ಬೆಳಿಗ್ಗೆ ಡೊಂಬಿವಲಿ ಸ್ಟೇಷನ್ನಿನಲ್ಲಿ ಜನ ಮುಖ ಜೋಲು ಹಾಕಿಕೊಂಡು ಗಾಡಿಗೆ ಕಾಯುವಾಗ ನಾನೊಬ್ಬಳೇ ಮದುವೆಮನೆಗೆ ಹೊರಟವಳಂತೆ ನಿಂತಿರುತ್ತೇನೆ. ಠಾಣೆಯಲ್ಲಿ ಗಾಡಿ ಬದಲಿಸಿ, ಕೋಪರಖೈರಣೆಯಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ಹೇಗೋ ತೂರಿಕೊಂಡು ಆಫೀಸು ಸೇರುವಷ್ಟರಲ್ಲಿ ತಲೆ ಬಾಚಿದ್ದಕ್ಕೆ ಸಾಕ್ಷಿ ಉಳಿದಿರುವುದಿಲ್ಲ. ಉತ್ಸಾಹ ಮಾತ್ರ ಪೂರ್ತಿ ಉಳಿದಿರುತ್ತದೆ.

ನಮ್ಮದು ಹೋಟೆಲುಗಳಿಗೆ ಸಾಫ್ಟ್‌ವೇರ್ ಮಾಡುವ ಕಂಪನಿ. ನಾನು ಸೇರಿದಾಗ ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ಡಬ್ಬಿ ಬಿಚ್ಚುತ್ತಿದ್ದೆವು. ಈಗ ಚಹಾ ಕುಡಿದು ಬರುವುದರೊಳಗೆ ನನ್ನ ಕುರ್ಚಿಯಲ್ಲಿ ಹೊಸಬರೊಬ್ಬರು ಕೂತು, “ಆಂಟಿ, ಯಾರನ್ನು ನೋಡಬೇಕಿತ್ತು?” ಎಂದು ನನ್ನನ್ನೇ ಕೇಳುತ್ತಾರೆ. ವರ್ಷದಲ್ಲಿ ಮೂವರು ಮ್ಯಾನೇಜರುಗಳು ಬದಲಾದರು. ಅವರಲ್ಲೊಬ್ಬರು ನನ್ನ ಮ್ಯಾನೇಜರ್ ಎಂಬುದು ಅವರ ಬೀಳ್ಕೊಡುಗೆಯ ಕೇಕ್ ತಿನ್ನುವಾಗ ತಿಳಿಯಿತು. ಒಳ್ಳೆಯವರು, ಮೊದಲೇ ಗೊತ್ತಿದ್ದರೆ ನಾಲ್ಕು ಮಾತಾಡಬಹುದಿತ್ತು. ಆದರೂ ನನಗೆ ಬೇಸರವಿಲ್ಲ. ಹಿಂದೆ ನಾನಿದ್ದ ಆಫೀಸಿನಲ್ಲಿ ಫ್ಯಾನಿನ ರೆಗ್ಯುಲೇಟರ್ ಬದಲಿಸಿ ಎಂದು ಅರ್ಜಿ ಕೊಟ್ಟು ಎರಡು ಬೇಸಿಗೆ ಬೆವರಿದ್ದೆ. ಇಲ್ಲಿ ಬೆಳಿಗ್ಗೆ ಬಾಯಿಗೆ ಬಂದದ್ದು ಸಂಜೆ ಪರದೆಯ ಮೇಲೆ ಬಂದಿರುತ್ತದೆ. ಇದರಲ್ಲಿರುವ ಸುಖ ಅನುಭವಿಸಿದವರಿಗೇ ಗೊತ್ತು. ಇದರಲ್ಲಿರುವ ಅಪಾಯವನ್ನು ನಾನು ಒಂದು ಭಾನುವಾರ ಅನುಭವಿಸಿದೆ.

ಡೊಂಬಿವಲಿಯಲ್ಲಿ ನನ್ನ ಸೋದರಮಾವನದೊಂದು ಹೋಟೆಲಿದೆ. ಮಾಣಿಗಳು ಆರ್ಡರನ್ನು ಟ್ಯಾಬಿನಲ್ಲಿ ಒತ್ತುವುದು, ಒಳಗೆ ಅಡುಗೆಮನೆಯಲ್ಲಿ ಚೀಟಿ ಬರುವುದು, ಇದೇ ನಮ್ಮ ಮೆಷೀನು. ಮಾಮ ನನ್ನ ಮಾತಿನ ಮೇಲೆ ಅದನ್ನು ಹಾಕಿಸಿಕೊಂಡರು. ಮಾಮ ಹಾಕಿಸಿಕೊಂಡರೆಂದು ಕಲ್ಯಾಣದ ತನಕ ಅವರ ಸ್ನೇಹಿತರೆಲ್ಲ ಹಾಕಿಸಿಕೊಂಡರು. ಕಂಪನಿಯಲ್ಲಿ ನನಗಿದ್ದ ಬೆಲೆಯೆಲ್ಲ ಈ ಹೋಟೆಲುಗಳಿಂದಲೇ. ಹಾಗಾಗಿ ಒಂದು ಮೀಟಿಂಗಿನಲ್ಲಿ ನನ್ನ ನಾಲಿಗೆ ಸ್ವಲ್ಪ ಉದ್ದವಾಯಿತು. “ನಮ್ಮ ಉಡುಪಿ ಹೋಟೆಲಿಗೆ ಬಂದವರು ಒಂದು ಪ್ಲೇಟ್ ಇಡ್ಲಿಗೆ ನಾಲ್ಕು ಸಲ ಸಾಂಬಾರ್ ಹಾಕಿಸಿಕೊಳ್ಳುತ್ತಾರೆ, ಗೊತ್ತಾ?” ಎಂದೆ. ಮೆಷೀನಿನಲ್ಲಿ ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವ ತನ್ವಿ ಎಂಬ ಹುಡುಗಿ ಎದ್ದು ನಿಂತೇಬಿಟ್ಟಳು. ಖಾರಘರದಲ್ಲಿ ಮನೆ, ನನ್ನ ಮಗಳಿಗಿಂತ ಐದಾರು ವರ್ಷ ದೊಡ್ಡವಳು. “ನಾಲ್ಕು ಸಲ! ಅದಕ್ಕೆ ನಮ್ಮಲ್ಲಿ ಬಟನ್ನೇ ಇಲ್ವಲ್ಲ, ಯಾರ್!” ಎಂದಳು. ಶನಿವಾರ ಸಂಜೆ ಎಲ್ಲ ಹೋಟೆಲುಗಳ ಟ್ಯಾಬಿನಲ್ಲೂ ಸಾಂಬಾರ್ ಬಟನ್ ಬಂತು. ನಾನು ಅದರ ಫೋಟೋ ತೆಗೆದು ಕುಟುಂಬದ ಗ್ರೂಪಿಗೆ ಹಾಕಿದೆ. ನನ್ನ ಮಾತೊಂದು ಬಟನ್ ಆಗಿತ್ತು. ಹೆಮ್ಮೆಯಾಗದೆ ಇರುತ್ತದೆಯೇ?

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಾಮನ ಫೋನು. “ಸುಮಾ, ಎಂತ ಮಾಡಿದ್ದು ಮಾರಾಯ್ತಿ ನೀನು? ಇಡ್ಲಿಯೂ ಉಂಟು, ಸಾಂಬಾರೂ ಉಂಟು, ಜನವೂ ಉಂಟು. ಒಂದು ಇನ್ನೊಂದಕ್ಕೆ ಸಿಕ್ತಾ ಇಲ್ಲ. ಬೇಗ ಬಾ!”

ಓಡಿದೆ. ಭಾನುವಾರದ ತಿಂಡಿಯ ಹೊತ್ತು, ಬಾಗಿಲ ಹೊರಗೆ ಸಾಲು. ಒಳಗೆ ಸಿದ್ರಾಮಣ್ಣ ತುಂಬಿದ ಬಕೆಟ್ ಹಿಡಿದು ಕಂಬದ ಹಾಗೆ ನಿಂತಿದ್ದಾರೆ. ವಿಜಯಪುರದ ಕಡೆಯವರು, ಮಾಮನ ಹೋಟೆಲಿನ ಅತ್ಯಂತ ಹಳೆಯ ಮಾಣಿ.

“ಯಾಕೆ ನಿಂತಿದ್ದೀರಿ? ಹಾಕಿ!” ಎಂದೆ.

“ಹೆಂಗ ಹಾಕ್ಲಿರಿ ಅಕ್ಕಾರ? ಚೀಟಿ ಬರೋತನಾ ಹಾಕಬ್ಯಾಡ ಅಂತದ ನಿಮ್ಮ ಮಷೀನು. ಮೊದಲ ಯಾರೂ ಕೇಳ್ತಿದ್ದಿಲ್ರಿ. ಸಾಂಬಾರಿನ ವಾಟಿ ಖಾಲಿ ಕಂಡ್ರ ನಾನ ಹಾಕ್ಕೋತ ಹೋಗ್ತಿದ್ದೆ.”

ಹುಟ್ಟಿದಾಗಿನಿಂದ ಹೋಟೆಲಿನವರ ಮನೆಯ ಹುಡುಗಿ ನಾನು. ಸಾಂಬಾರನ್ನು ಯಾರೂ ಆರ್ಡರ್ ಮಾಡುವುದಿಲ್ಲ, ಬಕೆಟ್ ಹಿಡಿದವರು ಸುತ್ತುತ್ತಲೇ ಇರುತ್ತಾರೆ ಎಂಬುದನ್ನು ನೋಡಿಯೇ ಇರಲಿಲ್ಲ. ನೋಡುವುದು ಹೇಗೆ? ಯಾವಾಗಲೂ ತಿನ್ನುವ ಕಡೆಯ ಕುರ್ಚಿಯಲ್ಲೇ ಕೂತವಳು, ಗಮನವೆಲ್ಲ ಇಡ್ಲಿಯ ಮೇಲೆ. ಈಗ ಒಳಗೆ ಮೆಷೀನು ಒಂದೊಂದು ಸೌಟು ಸಾಂಬಾರಿಗೂ ಒಂದೊಂದು ಚೀಟಿ ಉಗುಳುತ್ತಿತ್ತು. ದೋಸೆಯ ಚೀಟಿ ಇಪ್ಪತ್ತು ಸಾಂಬಾರ್ ಚೀಟಿಗಳ ಹಿಂದೆ ಸರದಿ ಕಾಯುತ್ತಿತ್ತು. ಕಾದ ಹಂಚಿನ ಮುಂದೆ ದೋಸೆಯವರು ಕೈಕಟ್ಟಿ ನಿಂತಿದ್ದರು.

ಮಾಮ ಗಲ್ಲಾದಿಂದ ಏಳಲಿಲ್ಲ, ಧ್ವನಿಯನ್ನೂ ಏರಿಸಲಿಲ್ಲ. ಅದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು. “ಹನ್ನೆರಡರ ಒಳಗೆ ಸರಿಯಾಗದಿದ್ರೆ ಇದನ್ನು ಬಿಚ್ಚಿ ತಕೊಂಡು ಹೋಗು. ಕಲ್ಯಾಣದವರಿಗೆ ನಾನೇ ಹೇಳ್ತೇನೆ.” ಅವರು ಹೇಳಿದರೆಂದರೆ ಅಷ್ಟೂ ಹೋಟೆಲುಗಳು ಹೋದಂತೆ, ಅವುಗಳ ಹಿಂದೆಯೇ ನನ್ನ ಪ್ರೀತಿಯ ಕೆಲಸವೂ. ನನಗೆ ಅಳು ಬರುವುದೊಂದು ಬಾಕಿ.

ತನ್ವಿಗೆ ಫೋನ್ ಮಾಡಿದೆ. ರಜೆ ಎನ್ನಲಿಲ್ಲ, ನಾಳೆ ನೋಡೋಣ ಎನ್ನಲಿಲ್ಲ. “ಮೆಗಾ ಬ್ಲಾಕ್ ಇದೆ, ಗಾಡಿಗಳು ಓಡ್ತಿಲ್ಲ, ಟ್ಯಾಕ್ಸಿ ಹಿಡಿದು ಬರ್ತೀನಿ” ಎಂದಳು. ಅಲ್ಲಿಯತನಕ ಒಳಗೆ ಚೀಟಿಯ ರಾಶಿಯಿಂದ ದೋಸೆಗಳನ್ನು ಹೆಕ್ಕಿ ಕೂಗಿ ಹೇಳಲು ಸಿದ್ರಾಮಣ್ಣನೇ ಬೇಕಾದರು. ಹೋಗುವಾಗ ಬಕೆಟನ್ನು ನನ್ನ ಕೈಗಿತ್ತು, “ಹಿಡೀರಿ ಅಕ್ಕಾರ. ಖಾಲಿ ವಾಟಿ ನೋಡ್ರಿ, ಮಂದಿ ಮಾರಿ ನೋಡಬ್ಯಾಡ್ರಿ” ಎಂದರು. ಮೊದಲ ಸೌಟು ಒಬ್ಬರ ಕಾಫಿಗೆ ಬಿತ್ತು. ಹತ್ತನೆಯದರ ಹೊತ್ತಿಗೆ ಕೈ ಕುದುರಿತು. “ಅಹೋ ತಾಈ, ಇಕಡೆ!” ಎಂದು ನಾಲ್ಕು ಮೂಲೆಯಿಂದ ಮರಾಠಿಯಲ್ಲಿ ಕರೆಯುತ್ತಿದ್ದರು, ನಾನು ಓಡುತ್ತಿದ್ದೆ. ಸುಳ್ಳೇಕೆ ಹೇಳಲಿ, ಮಜವಾಗುತ್ತಿತ್ತು.

ತನ್ವಿ ಬಂದು ಬಾಗಿಲಲ್ಲೇ ಐದು ನಿಮಿಷ ನಿಂತು ನನ್ನ ಓಡಾಟ ನೋಡಿದಳು. ಆಮೇಲೆ ತಲೆ ಚಚ್ಚಿಕೊಂಡು ಕೈ ತೊಳೆಯುವ ಜಾಗದ ಪಕ್ಕದ ಮೇಜಿನಲ್ಲಿ ಲ್ಯಾಪ್‌ಟಾಪ್ ಬಿಚ್ಚಿದಳು. ಹನ್ನೊಂದೂವರೆಗೆ ಸಾಂಬಾರ್ ಬಟನ್ ಎಲ್ಲ ಹೋಟೆಲುಗಳಿಂದಲೂ ಮಾಯ. ನನ್ನ ಮಾತಿಗೆ ಸಿಕ್ಕ ಆಯುಷ್ಯ ಒಂದು ದಿನವೂ ಅಲ್ಲ. ಆದರೂ ಆ ಹುಡುಗಿಯನ್ನು ತಬ್ಬಿಕೊಂಡೆ, ಕೈಯೆಲ್ಲ ಸಾಂಬಾರಾಗಿದ್ದರೂ. ತಪ್ಪು ಮಾಡುವುದೂ ಬೇಗ, ತಿದ್ದಿಕೊಳ್ಳುವುದೂ ಬೇಗ. ಇಂಥ ಕಂಪನಿಯನ್ನು ಹೇಗೆ ಬಿಡಲಿ ಹೇಳಿ!

ಮಾಮ ಕರೆದರು. “ಮೆಷೀನು ಇರಲಿ. ಆದ್ರೆ ಇನ್ನು ಪ್ರತಿ ಭಾನುವಾರ ಬೆಳಿಗ್ಗೆ ನೀನು ಇಲ್ಲಿ ಇರ್ಬೇಕು.”

“ಮೆಷೀನ್ ನೋಡ್ಕೊಳ್ಳಿಕ್ಕಾ ಮಾಮ? ಖಂಡಿತ ಬರ್ತೇನೆ.”

“ಮೆಷೀನು ಯಾರಿಗೆ ಬೇಕು? ಬಕೆಟಿಗೆ. ನಿನ್ನ ಕೈ ಚುರುಕುಂಟು.”

ಹಾಗಾಗಿ ಈಗ ಭಾನುವಾರವೂ ನನಗೆ ಡ್ಯೂಟಿ. ಆಫೀಸಿನಲ್ಲಿ ಇದಕ್ಕೆ ಗ್ರಾಹಕರ ಜೊತೆ ಬೆರೆಯುವುದು ಎಂದು ದೊಡ್ಡ ಹೆಸರಿಟ್ಟು ಚಪ್ಪಾಳೆ ತಟ್ಟಿದರು. ನನ್ನ ಗಂಡ ಮಾತ್ರ ಹೋದ ಭಾನುವಾರ ಸದ್ದಿಲ್ಲದೆ ಹೋಟೆಲಿಗೆ ಬಂದು ಮೂಲೆಯ ಮೇಜಿನಲ್ಲಿ ಕೂತಿದ್ದರಂತೆ. ಮನೆಯಲ್ಲಿ ಎರಡನೆಯ ಸಲ ಸಾಂಬಾರ್ ಕೇಳಿದರೆ “ನಿಮಗೂ ಕೈಯಿದೆಯಲ್ಲ” ಎನ್ನುವವಳು ನಾನು. ಅವತ್ತು ಖಾಲಿ ವಾಟಿಯೊಂದು ಕಣ್ಣಿಗೆ ಬಿದ್ದದ್ದೇ ಓಡಿಹೋಗಿ ತುಂಬ ಹಾಕಿ, “ಇನ್ನೂ ಸ್ವಲ್ಪ ಹಾಕ್ಲಾ ಸಾರ್?” ಎಂದು ಕೇಳಿದ ಮೇಲೆಯೇ ಮುಖ ನೋಡಿದ್ದು.