ಈಸಲ್ ಸಾಹೇಬ

ನಿಂತು ಚಿತ್ರ ಬರೆಯುವವನೇ ನಿಜವಾದ ಕಲಾವಿದ, ಕೂತು ಬರೆಯುವವನು ಬರೀ ಗುಮಾಸ್ತ ಎಂಬುದು ನನ್ನ ದೃಢವಾದ ನಂಬಿಕೆಯಾಗಿತ್ತು. ಸಾಗರದ ಕಚೇರಿಯೊಂದರಲ್ಲಿ ಗುಮಾಸ್ತನಾಗಿದ್ದುದರಿಂದ ಈ ವಿಷಯದಲ್ಲಿ ನನಗೆ ಧಾರಾಳ ಅನುಭವವಿತ್ತು!

ನನ್ನ ಹೆಂಡತಿ ಸಾವಿತ್ರಿಯ ತವರು ಬ್ಯಾಕೋಡಿನ ಹತ್ತಿರ. ಮುಂದಿನ ಮಳೆಗಾಲಕ್ಕೆ ಅಣೆಕಟ್ಟಿನ ನೀರು ಅಲ್ಲಿಗೆ ಬರುತ್ತದೆಂದು ಅವಳ ಅಪ್ಪ ಅಮ್ಮ ಆಗಲೇ ಹೊಸನಗರದ ಕಡೆ ಹೋಗಿದ್ದರು. ಅವಳೋ ತುಂಬಿದ ಬಸುರಿ. ಕೊನೆಯ ಸಲ ಹೋಗಿ ನೋಡುವಂತಿರಲಿಲ್ಲ.

"ರೀ, ಹಳ್ಳದ ದಂಡೆಯಲ್ಲಿ ನಮ್ಮ ಅಪ್ಪೆಮಿಡಿ ಮಾವಿನ ಮರ ಇದೆಯಲ್ಲ, ಅದರ ಚಿತ್ರ ಬರ್ಕೊಂಡು ಬನ್ನಿ. ನಾನು ಆಡಿ ಬೆಳೆದಿದ್ದೇ ಅದರ ಕೆಳಗೆ. ಇನ್ನೆಂತದೂ ಬೇಡ" ಎಂದಳು.

ಬಯಲಲ್ಲಿ ನಿಂತು ಬರೆಯಲು ಹಾಳೆಯ ಹಲಗೆ ಆನಿಸುವ ಮೂರು ಕಾಲಿನ ಈಸಲ್ ಬೇಕಲ್ಲ! ಬಡಗಿ ಮಂಜಾಚಾರಿಗೆ ಹೇಳಿದೆ.

"ಮೂರೇ ಕಾಲಾ? ನಾಲ್ಕು ಹಾಕ್ತೀನಿ, ಗಟ್ಟಿ ನಿಲ್ತದೆ."

"ಕಲೆಯ ವಿಷಯ ನಿನಗೆ ತಿಳಿಯದು" ಎಂದೆ. ಸಿಟ್ಟಿನಿಂದಲೋ ಭಕ್ತಿಯಿಂದಲೋ, ಅವನು ಅದನ್ನು ಹಲಸಿನ ಮರದಲ್ಲಿ ಮಾಡಿಕೊಟ್ಟ. ಬಸ್ಸಿನ ಮೇಲೆ ಹಾಕಲು ಇಬ್ಬರು ಬೇಕಾದರು. ದೋಣಿಯವನಂತೂ, "ಮೊದ್ಲು ಇದು ಹೋಗ್ಲಿ, ನೀವು ಆಮೇಲೆ ಬನ್ನಿ" ಎಂದುಬಿಟ್ಟ.

ಊರು ತಲುಪಿ, ಹಳ್ಳದ ಈಚೆ ಇಳಿಜಾರಿನಲ್ಲಿ ಈಸಲ್ ನಿಲ್ಲಿಸಿದೆ. ಬಿತ್ತು. ಎತ್ತಿ ನಿಲ್ಲಿಸಿದೆ. ಮತ್ತೆ ಬಿತ್ತು, ಈ ಸಲ ನನ್ನ ಕಾಲಿನ ಮೇಲೆ! ಬಿಸಿಲಿಗೆ ತಲೆ ಸುಡುತ್ತಿತ್ತು. ಮೊದಲು ಇದು ನಿಲ್ಲಲಿ ಎಂದು ಹಳ್ಳ ದಾಟಿಸಿ, ನೆರಳಿಗೆ ಎಳೆದೊಯ್ದು, ಹಗ್ಗ ಹಾಕಿ ಮರದ ಬುಡಕ್ಕೆ ಬಿಗಿದೆ. ಸ್ವಲ್ಪ ಸುಧಾರಿಸಿಕೊಂಡು ಬೇರೆ ಜಾಗ ನೋಡಿದರಾಯಿತು ಎಂದುಕೊಂಡೆ.

ಆದರೆ ಆ ಸೀಮೆಯಲ್ಲಿ ಆಗ ಮೂರು ಕಾಲಿನ ಸ್ಟ್ಯಾಂಡಿಗೆ ಒಂದೇ ಅರ್ಥ: ಪರಿಹಾರಕ್ಕೆ ಮನೆ ಮರ ಲೆಕ್ಕ ಹಾಕುವ ಸರ್ವೆಯವರು ಬಂದರು! ಗದ್ದೆಯಲ್ಲಿದ್ದ ಕೆರಿಯಪ್ಪ ಓಡಿಬಂದ.

"ನಮ್ಮೂರ ಅಳಿಯಂದ್ರು ಸರ್ವೆಗೆ ಸೇರಿದ್ದು ಗೊತ್ತೇ ಇರ್ಲಿಲ್ಲ!"

"ಇಲ್ಲಪ್ಪ, ನಾನು ಸುಮ್ಮನೆ ಚಿತ್ರ ಬರೆಯೋಕೆ..."

"ಮೊದ್ಲು ಬಂದವ್ರೂ ಚಿತ್ರನೇ ಬರ್ಕಂಡು ಹೋದ್ರು. ಸಾಹೇಬ್ರೇ, ನಮ್ದು ಹಲಸಿನ ಮರ ಎರಡು. ಬಿಡಬೇಡಿ ಮತ್ತೆ!"

ಅಲ್ಲ ಎಂದಷ್ಟೂ ಅವನ ನಂಬಿಕೆ ಗಟ್ಟಿಯಾಯಿತು. ಅದೂ ಅಲ್ಲದೆ, ಸಾಹೇಬ್ರೇ! ಹುಟ್ಟಿದಾರಭ್ಯ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕುಂಚ ತಾನಾಗಿ ಓಡಿತು. ಆಚೆಮನೆಯ ಹೂವಮ್ಮ ಮಜ್ಜಿಗೆ ತಂದುಕೊಟ್ಟು, ಹಾಳೆ ಇಣುಕಿ, "ನಮ್ಮ ತೆಂಗು ಐದು, ನಾಲ್ಕೇ ಬರ್ದೀರಲ್ಲ!" ಎಂದಳು. ಐದನೆಯದನ್ನೂ ತುರುಕಿದೆ. ಬಾವಿ, ಕೊಟ್ಟಿಗೆ, ಎಮ್ಮೆ ಎಲ್ಲ ಬಂದವು. ಸಂಜೆಯ ಹೊತ್ತಿಗೆ ಆಕಾಶಕ್ಕೂ ಜಾಗ ಉಳಿಯಲಿಲ್ಲ!

ಮನೆಗೆ ಬಂದು ಚಿತ್ರವನ್ನು ಸಾವಿತ್ರಿಯ ಕೈಗಿತ್ತೆ. "ಅಯ್ಯೋ, ಕೆರಿಯಪ್ಪನ ಹಲಸು! ಹೂವಮ್ಮನ ತೆಂಗು!" ಎಂದು ಬೆರಳಿಟ್ಟು ಗುರುತಿಸಿದಳು. ನಾನು ಉಬ್ಬಿಹೋದೆ.

"ನಮ್ಮ ಅಪ್ಪೆಮರ ಎಲ್ಲಿ?"

"ಅದು... ಈಸಲ್ ಬೀಳ್ತಿತ್ತು ಅಂತ ಆ ಮರಕ್ಕೇ ಕಟ್ಟಿದ್ದೆ ಕಣೇ. ದಿನವಿಡೀ ಅದರ ಕೆಳಗೇ ಇದ್ದೆ."

ಅವಳು ಚಿತ್ರವನ್ನು ಮಡಿಲಲ್ಲಿಟ್ಟುಕೊಂಡಳು.

"ನೆರಳು ತಂಪಿತ್ತೇನ್ರೀ?"

"ತುಂಬ ತಂಪಿತ್ತು."

ಕಣ್ಣೊರೆಸಿಕೊಳ್ಳುತ್ತಲೇ ನಕ್ಕುಬಿಟ್ಟಳು. "ಅದರ ಕೆಳಗೆ ಕೂತು ನಾನು ದಿನಾ ನೋಡ್ತಿದ್ದುದನ್ನೆಲ್ಲ ತಂದೀರಿ, ಮಾರಾಯ್ರೇ. ಕೇಳಿದ್ದೊಂದು ಬಿಟ್ಟು!"

ಸಾಹೇಬರು ಕೈಕಾಲು ತೊಳೆಯಲು ಬಚ್ಚಲಿಗೆ ನಡೆದರು.